ಹೈಡ್ರೋಪೋನಿಕ್ಸ್‌ಗೆಂದು (ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಯಲೆಂದು) ಎಬ್ಬಿಸಿದ ಸಸಿಗಳು ನೂಲಿನಂತೆ ಬೆಳೆದು ಬಾಗುತ್ತಿವೆ, ಯಾವ ಪೋಷಕ ದ್ರಾವಣ ಕೊಡಬೇಕು?

ನಿಮ್ಮ ಲೆಟ್ಯೂಸ್ ಸಸಿಗಳು ಹತ್ತು ದಿನಕ್ಕೇ ನೂಲಿನಂತೆ ಎತ್ತರವಾಗಿ ಒಂದು ಬದಿಗೆ ಒರಗಿವೆ ಎಂದಿದ್ದೀರಿ. ಸ್ಪಾಂಜ್ ಬಿಟ್ಟು ರಾಕ್‌ವುಲ್ (ಕಲ್ಲನ್ನು ಕರಗಿಸಿ ಎಳೆದ ನಾರಿನ ತುಂಡು) ಬಳಸಬೇಕೇ, ಯಾವ ದ್ರಾವಣದಿಂದ ಕಾಂಡ ಗಟ್ಟಿಯಾದೀತು ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನು ಇವೇ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡಿದ್ದೆ, ಮತ್ತು ಒಂದೊಂದಕ್ಕೂ ಒಂದೊಂದು ತಂಡ ಸಸಿಗಳನ್ನು ಕಳೆದುಕೊಂಡೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಸಸಿಗಳ ತೊಂದರೆ ಸ್ಪಾಂಜ್‌ನದ್ದೂ ಅಲ್ಲ, ಆಹಾರದ್ದೂ ಅಲ್ಲ.

ಮೊದಲ ಬಾರಿ ನಾನು 24 ಸ್ಪಾಂಜ್ ತುಂಡುಗಳನ್ನು ನೆನೆಸಿ, ತುಂಡಿಗೆ ಎರಡರಂತೆ ಬೀಜಗಳನ್ನಿಟ್ಟು, ಟ್ರೇಗೆ ಮುಚ್ಚಳ ಹಾಕಿ, ಅದರ ಮೇಲೊಂದು ದಪ್ಪ ಬಟ್ಟೆ ಹೊದಿಸಿ ಕಪಾಟಿನೊಳಗೆ ಇಟ್ಟಿದ್ದೆ. ಮಣ್ಣಿನೊಳಗೆ ಕತ್ತಲಿರುವುದರಿಂದ ಬೀಜಕ್ಕೆ ಕತ್ತಲೆಯೇ ಬೇಕು ಎಂಬುದು ನನ್ನ ತರ್ಕವಾಗಿತ್ತು. ಮೂರನೆಯ ದಿನ ಮುಚ್ಚಳ ಎತ್ತಿ ನೋಡಿದಾಗ ಸುಮಾರು ಅರ್ಧದಷ್ಟು ಬೀಜಗಳು ಮೊಳೆತಿದ್ದವು. ಉಳಿದರ್ಧವೂ ಮೊಳೆಯಲಿ, ಎಲ್ಲವನ್ನೂ ಒಟ್ಟಿಗೆ ಬೆಳಕಿಗೆ ತಂದರಾಯಿತು ಎಂದುಕೊಂಡು ಮತ್ತೆ ಮುಚ್ಚಿದೆ, ಮತ್ತು ಹೊರಗೆ ತೆಗೆದದ್ದು ಆರನೆಯ ದಿನ. ನನಗೆ ನಷ್ಟ ತಂದದ್ದು ಆ ಮೂರು ದಿನಗಳ ಕಾಯುವಿಕೆಯೇ. ಮುಂದೆ ಆದದ್ದೆಲ್ಲ ಅದರ ಬಾಲ.

ಆ ಮೂರು ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಲೆಟ್ಯೂಸ್ ಬೀಜ ಎಷ್ಟು ಚಿಕ್ಕದೆಂದರೆ ಒಂದು ಗ್ರಾಮ್‌ಗೆ ಸುಮಾರು 800ರಿಂದ 1,000 ಬೀಜಗಳು ತೂಗುತ್ತವೆ; ಅದರೊಳಗಿನ ಬುತ್ತಿಯೂ ಅಷ್ಟೇ ಚಿಕ್ಕದು. ಮೊಳಕೆ ಹೊರಬಂದ ಮೇಲೂ ಕತ್ತಲೆಯೇ ಇದ್ದರೆ ತಾನಿನ್ನೂ ನೆಲದೊಳಗೆ ಹೂತಿದ್ದೇನೆ ಎಂಬಂತೆ ಅದು ನಡೆದುಕೊಳ್ಳುತ್ತದೆ: ಬೀಜದೆಲೆಗಳನ್ನು ಬಿಚ್ಚದೆ, ಹಸಿರನ್ನು ಕಟ್ಟಿಕೊಳ್ಳದೆ, ಇದ್ದ ಬುತ್ತಿಯನ್ನೆಲ್ಲ ಬೀಜದೆಲೆಯ ಕೆಳಗಿನ ಕಾಂಡವನ್ನು ಉದ್ದ ಮಾಡುವುದಕ್ಕೇ ಸುರಿಯುತ್ತದೆ. ಈ ಉದ್ದ ಬಹುಪಾಲು ಹೊಸ ಜೀವಕೋಶಗಳಿಂದ ಬರುವುದಲ್ಲ, ಇರುವ ಕೋಶಗಳು ನೀರು ತುಂಬಿಕೊಂಡು ಹಿಗ್ಗುವುದರಿಂದ ಬರುವುದು. ಬೆಳಕು ಬಿದ್ದೊಡನೆ ಹಿಗ್ಗುವ ವೇಗ ತಗ್ಗುತ್ತದೆ ನಿಜ, ಆದರೆ ಒಮ್ಮೆ ಹಿಗ್ಗಿದ ಕೋಶ ಮತ್ತೆ ಕುಗ್ಗುವುದಿಲ್ಲ. ಆರನೆಯ ದಿನ ನನ್ನ ಕೈಗೆ ಬಂದದ್ದು ತಿಳಿಹಳದಿ ಬಣ್ಣದ, ಬುತ್ತಿ ಮುಗಿದ, ತಲೆಯ ಭಾರವನ್ನು ತಾಳಲಾರದ ಸಸಿಗಳು.

ಇನ್ನೂ ನೋವಿನ ಸಂಗತಿಯೆಂದರೆ, ಲೆಟ್ಯೂಸ್‌ನ ಹಲವು ತಳಿಗಳ ಬೀಜ ಚೆನ್ನಾಗಿ ಮೊಳೆಯುವುದಕ್ಕೇ ಬೆಳಕು ಬೇಕು. ಕೆಂಪು ಬೆಳಕು ಬೀಜವನ್ನು ಎಬ್ಬಿಸುತ್ತದೆ, ದೂರಗೆಂಪು (ಕೆಂಪಿನಾಚೆಯ, ಕಣ್ಣಿಗೆ ಕಂಡೂ ಕಾಣದ) ಬೆಳಕು ಮತ್ತೆ ಮಲಗಿಸುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ತೋರಿಸಿಕೊಟ್ಟದ್ದು ಇದೇ ಗಿಡದ ಬೀಜಗಳ ಮೇಲೆ. ನಾನು ಯಾವ ಬೀಜಗಳಿಗಾಗಿ ಮುಚ್ಚಳ ತೆಗೆಯದೆ ಕಾದಿದ್ದೆನೋ, ಅವುಗಳಲ್ಲಿ ಹಲವು ಬಹುಶಃ ಆ ಮುಚ್ಚಳ ತೆರೆಯುವುದನ್ನೇ ಕಾಯುತ್ತಿದ್ದವು.

ಆದರೆ ಆಗ ನನಗೆ ಇದು ಹೊಳೆಯಲಿಲ್ಲ. ಸಸಿಗಳನ್ನು ಕಿಟಕಿಯ ಬಳಿ ಇಟ್ಟು, ಬೆಳಕು ಸಾಕಷ್ಟಿದೆ ಎಂದು ನಂಬಿದೆ. ಈ ವಿಷಯದಲ್ಲಿ ನಮ್ಮ ಕಣ್ಣು ನಂಬಲು ತಕ್ಕ ಸಾಕ್ಷಿಯಲ್ಲ: ಬಯಲಿನ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಕೋಣೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ ಇರುತ್ತದೆ, ಕಣ್ಣಿಗೆ ಎರಡೂ ಹಗಲೇ. ಸಸಿಗಳು ಕಿಟಕಿಯ ಕಡೆಗೆ ಬಾಗುತ್ತಾ ಇನ್ನಷ್ಟು ಉದ್ದವಾದವು. ತಪ್ಪು ಸ್ಪಾಂಜ್‌ನದ್ದು, ಅದು ಬೇರಿಗೆ ಹಿಡಿತ ಕೊಡುತ್ತಿಲ್ಲ ಎಂದು ತೀರ್ಮಾನಿಸಿ ಆ ಸಸಿಗಳನ್ನೆಲ್ಲ ಎಸೆದು ಎರಡನೆಯ ಬಾರಿ ರಾಕ್‌ವುಲ್ ತಂದೆ. ಕಪಾಟು, ಬಟ್ಟೆ, ಆರು ದಿನ ಮಾತ್ರ ಹಾಗೆಯೇ ಉಳಿದವು, ಫಲವೂ ಹಾಗೆಯೇ ಉಳಿಯಿತು. ಮೂರನೆಯ ಬಾರಿ, ಇವು ಹಸಿದಿವೆ ಎಂದುಕೊಂಡು, ಬೆಳೆದ ಗಿಡಗಳಿಗೆ ಕೊಡುವಂತೆ 1.8 ಇ.ಸಿ. (ನೀರಿನಲ್ಲಿ ಕರಗಿದ ಪೋಷಕ ಲವಣ ಎಷ್ಟಿದೆಯೆಂದು ವಿದ್ಯುತ್ ವಾಹಕತೆಯಿಂದ ತಿಳಿಸುವ ಅಳತೆ) ದ್ರಾವಣವನ್ನು ಬೀಜದೆಲೆ ಬಿಚ್ಚಿದ ದಿನವೇ ಕೊಟ್ಟೆ. ಎಲೆಯಂಚುಗಳು ಕಂದಿ ಸುಟ್ಟಂತಾದವು. ಒದ್ದೆ ಮೇಲ್ಮೈಗೆ ಒರಗಿ ಬಿದ್ದಿದ್ದ ಕಾಂಡಗಳು ಬುಡದಲ್ಲಿ ಮೆತ್ತಗಾಗಿ ಒಂದೊಂದಾಗಿ ಕೊಳೆತವು. ಒಂದೂವರೆ ತಿಂಗಳ ಕೊನೆಗೆ ನನ್ನ ತೊಟ್ಟಿಯಲ್ಲಿ ಒಂದು ಗಿಡವೂ ಇರಲಿಲ್ಲ.

ನಾಲ್ಕನೆಯ ಬಾರಿ ನಾನು ಬೆಳಕೊಂದನ್ನೇ ಬದಲಿಸಿದೆ. ಬಾಕಿಯಿದ್ದ ಹಳೆಯ ಸ್ಪಾಂಜ್ ತುಂಡುಗಳನ್ನೇ ಬಳಸಿದೆ. ಬೀಜಗಳನ್ನು ಹೂಳದೆ ಮೇಲ್ಮೈಯಲ್ಲೇ ಒತ್ತಿ, ಪಾರದರ್ಶಕ ಮುಚ್ಚಳ ಹಾಕಿ, ಮೊದಲ ದಿನದಿಂದಲೇ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಟ್ರೇಯಿಂದ ಒಂದು ಗೇಣಿನಷ್ಟು ಮೇಲೆ ಕಟ್ಟಿ, ಟೈಮರ್ ಇಟ್ಟು ದಿನಕ್ಕೆ 16 ಗಂಟೆ ಉರಿಸಿದೆ. ಮೊದಲ ಮೊಳಕೆಗಳು ಕಂಡ ದಿನವೇ ಮುಚ್ಚಳ ತೆಗೆದೆ, ಹಿಂದುಳಿದ ಬೀಜಗಳಿಗಾಗಿ ಒಂದು ದಿನವೂ ಕಾಯಲಿಲ್ಲ. ಹತ್ತನೆಯ ದಿನಕ್ಕೆ ಬೀಜದೆಲೆಗಳು ಬಹುತೇಕ ಸ್ಪಾಂಜ್‌ಗೆ ಅಂಟಿಕೊಂಡಂತೆ ಅಗಲವಾಗಿ ಹರಡಿದ್ದವು, ನಡುವಿನಿಂದ ಮೊದಲ ನಿಜ ಎಲೆ ಇಣುಕುತ್ತಿತ್ತು. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಸ್ಪಾಂಜ್ ಒಳ್ಳೆಯದೋ ರಾಕ್‌ವುಲ್ ಒಳ್ಳೆಯದೋ ಎಂಬ ಚರ್ಚೆ ಹೊಸಬರ ಸಮಯವನ್ನು ಸುಮ್ಮನೆ ತಿನ್ನುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಕು ಸರಿಯಿದ್ದರೆ ಎರಡರಲ್ಲೂ ಸಸಿ ಬರುತ್ತದೆ. ರಾಕ್‌ವುಲ್ ಸ್ವಭಾವತಃ ಕ್ಷಾರೀಯವಾದ್ದರಿಂದ ಮೊದಲು 5.5 ಪಿ.ಎಚ್.ನ, ಅಂದರೆ ತುಸು ಆಮ್ಲೀಯವಾದ, ನೀರಿನಲ್ಲಿ ನೆನೆಸಬೇಕು, ಅಷ್ಟೇ. ಯಾವುದನ್ನೇ ಬಳಸಿದರೂ ಅದು ನೀರಿನಲ್ಲಿ ಮುಳುಗಿ ನಿಲ್ಲಬಾರದು. ತೇವವೂ ಗಾಳಿಯೂ ಒಟ್ಟಿಗಿದ್ದರೆ ಮಾತ್ರ ಎಳೆಯ ಬೇರು ಉಸಿರಾಡುತ್ತದೆ.

ದ್ರಾವಣದ ಮಾತಿಗೆ ಬಂದರೆ, ಯಾವ ದ್ರಾವಣವೂ ಕಾಂಡವನ್ನು ಗಿಡ್ಡ ಮಾಡಲಾರದು. ಬೀಜದೆಲೆ ಬಿಚ್ಚುವವರೆಗೆ ಬರಿಯ ನೀರು ಸಾಕು. ಮೊದಲ ನಿಜ ಎಲೆ ಮೂಡುವಾಗ 0.6ರಿಂದ 0.8 ಇ.ಸಿ.ಯ ತೆಳು ದ್ರಾವಣ ಕೊಡಿ, ತೊಟ್ಟಿಗೆ ಸೇರಿದ ಮೇಲೆ ನಿಧಾನವಾಗಿ 1.2ರ ಆಚೆಗೆ ಏರಿಸಿ. ಕೋಣೆಯ ಉಷ್ಣತೆಯನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡಲಾದರೆ ಒಳ್ಳೆಯದು. 30 ದಾಟಿದರೆ ಲೆಟ್ಯೂಸ್‌ನ ಎಷ್ಟೋ ತಳಿಗಳ ಬೀಜ ಮೊಳೆಯುವುದೇ ಇಲ್ಲ. ಸಣ್ಣ ಫ್ಯಾನಿನ ಮೆಲುಗಾಳಿ ಸಸಿಗಳನ್ನು ತುಸುವೇ ಅಲುಗಿಸುವಂತಿದ್ದರೆ ಕಾಂಡ ದಪ್ಪವಾಗುತ್ತದೆ.

ಈಗ ನಿಮ್ಮ ಟ್ರೇಯಲ್ಲಿರುವ ಸಸಿಗಳನ್ನು ಉಳಿಸಿಕೊಳ್ಳಲು ಹೆಣಗಬೇಡಿ. ಟೊಮೆಟೊ ಆಗಿದ್ದರೆ ಕಾಂಡವನ್ನು ಆಳಕ್ಕೆ ಇಳಿಸಿ ನೆಟ್ಟರೂ ಹೂತ ಭಾಗದಿಂದ ಹೊಸ ಬೇರು ಬಂದು ಸಸಿ ಸುಧಾರಿಸಿಕೊಳ್ಳುತ್ತಿತ್ತು. ಲೆಟ್ಯೂಸ್‌ನ ಎಳೆಗಾಂಡವನ್ನು ಹಾಗೆ ಒದ್ದೆಯಲ್ಲಿ ಹೂತರೆ ಅದು ಕೊಳೆಯುವ ಸಂಭವವೇ ಹೆಚ್ಚು. ಇಂದು ಸಂಜೆಯೇ ಹೊಸ ಬೀಜ ಬಿತ್ತಿ, ದೀಪವನ್ನು ಬೀಜಕ್ಕಿಂತ ಮೊದಲೇ ಕಟ್ಟಿಡಿ. ಎರಡು-ಮೂರು ವಾರಗಳಲ್ಲಿ ಎರಡು ಮೂರು ನಿಜ ಎಲೆಗಳು ಮೂಡಿ, ಸ್ಪಾಂಜ್‌ನ ತಳದಿಂದ ಬಿಳಿಯ ಬೇರು ಹೊರಗೆ ಕಂಡಾಗ ನೆಟ್ ಪಾಟ್‌ಗೆ (ಬೇರು ಹೊರಬರಲು ಜಾಲರಿಯಿರುವ ಚಿಕ್ಕ ಕುಂಡಕ್ಕೆ) ವರ್ಗಾಯಿಸಿ.