ಕಾನೂನು ಮಂತ್ರಿಯನ್ನು ಹಿಡಿದವರು ಯಾರು?

ಪ್ರಿಯ ಓದುಗರೇ,

ಲಂಚದ ಕುರಿತ ನಮ್ಮ ಲೇಖನ ಓದಿ ನೀವು ಖಾರವಾಗಿಯೇ ಬರೆದಿದ್ದೀರಿ: "ಚೀನಾದಲ್ಲಿ ಕಾನೂನು ಮಂತ್ರಿಯಾಗಿದ್ದವನಿಗೇ ಮರಣದಂಡನೆ ಕೊಟ್ಟರು. ನಮ್ಮಲ್ಲಿ ಗುಮಾಸ್ತನನ್ನು ಅಮಾನತು ಮಾಡಿದರೂ ನಾಲ್ಕು ದಿನಕ್ಕೆ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಅಂಥ ಕಾನೂನು ನಮಗೂ ಬೇಕೆಂದು ಬರೆಯಲು ನಿಮಗೇನು ಕಷ್ಟ?" ಗುಮಾಸ್ತನ ವಿಷಯದಲ್ಲಿ ನನ್ನ ತಕರಾರಿಲ್ಲ. ಮಂತ್ರಿಯ ವಿಷಯದಲ್ಲಿ ಇದೆ.

ನೀವು ಹೇಳುತ್ತಿರುವುದು ಫು ಝೆಂಗ್‌ಹುವಾ ಅವರ ಬಗ್ಗೆ. 1955ರಲ್ಲಿ ಹುಟ್ಟಿ, ಬೀಜಿಂಗ್ ಪೊಲೀಸ್ ಇಲಾಖೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. 2010ರಲ್ಲಿ ನಗರದ ಪೊಲೀಸ್ ಮುಖ್ಯಸ್ಥರಾದ ಕೆಲವೇ ತಿಂಗಳಲ್ಲಿ, ದೊಡ್ಡವರ ಕೃಪೆಯಿದೆಯೆಂದು ಯಾರೂ ಮುಟ್ಟದಿದ್ದ ಐಷಾರಾಮಿ ನೈಟ್‌ಕ್ಲಬ್ಬಿಗೆ ದಾಳಿ ಮಾಡಿಸಿ ಹೆಸರಾದರು. 2013ರಲ್ಲಿ, ಆ ಹುದ್ದೆಯ ಜೊತೆಗೇ, ಸಾರ್ವಜನಿಕ ಭದ್ರತಾ ಖಾತೆಯ, ಅಂದರೆ ಪೊಲೀಸ್ ಖಾತೆಯ, ಉಪಮಂತ್ರಿ. ಅದೇ ಖಾತೆಯ ಮಾಜಿ ಮಂತ್ರಿ, ದೇಶದ ಪೊಲೀಸು, ಕೋರ್ಟು ಎರಡನ್ನೂ ಮುಷ್ಟಿಯಲ್ಲಿಟ್ಟುಕೊಂಡಿದ್ದ ಝೌ ಯೋಂಗ್‌ಕಾಂಗ್ ವಿರುದ್ಧದ ತನಿಖೆಯನ್ನು ಇವರಿಗೇ ವಹಿಸಲಾಗಿದೆ ಎಂದು ಆಗ ವರದಿಯಾಗಿತ್ತು. ಝೌಗೆ 2015ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮರುತಿಂಗಳು, ಜುಲೈ 9ರಿಂದ, ದೇಶದಾದ್ಯಂತ ಸುಮಾರು 300 ಮಂದಿ ಹಕ್ಕುಗಳ ಪರ ವಕೀಲರು ಮತ್ತು ಅವರ ಜೊತೆಗಿದ್ದವರನ್ನು ಪೊಲೀಸರು ಹಿಡಿದು ವಿಚಾರಣೆಗೆ ಒಳಪಡಿಸಿದರು. ಫು ಆಗಲೂ ಅದೇ ಖಾತೆಯ ಉಪಮಂತ್ರಿ.

2018ರ ಮಾರ್ಚ್‌ನಲ್ಲಿ ಅವರು ನ್ಯಾಯ ಮಂತ್ರಿಯಾದರು, ನೀವು ಹೇಳುವ ಕಾನೂನು ಮಂತ್ರಿ. ಅಲ್ಲಿ ಆ ಖಾತೆಯ ಕೈಯಲ್ಲಿ ಕೋರ್ಟುಗಳಿಲ್ಲ. ವಕೀಲರ ಸನ್ನದು, ಜೈಲುಗಳ ಆಡಳಿತ, ನೋಟರಿ, ಕಾನೂನು ನೆರವು, ಇವು ಅದರ ಕೆಲಸ. ವಕೀಲರನ್ನು ಹಿಡಿದ ಖಾತೆಯಿಂದ ವಕೀಲರಿಗೆ ಸನ್ನದು ಕೊಡುವ ಖಾತೆಗೆ ಬಡ್ತಿ!

ಇನ್ನು ತೀರ್ಪು. 2005ರಿಂದ 2021ರವರೆಗೆ ಫು ಪಡೆದ ಲಂಚ 11.7 ಕೋಟಿ ಯುವಾನ್, ಅಂದಿನ ಲೆಕ್ಕದಲ್ಲಿ ನಮ್ಮ 130 ಕೋಟಿ ರೂಪಾಯಿಗೂ ಮೇಲೆ. ಈ ವರ್ಷಗಳನ್ನೂ ಮೇಲೆ ಹೇಳಿದ ಬಡ್ತಿಗಳ ವರ್ಷಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೈಟ್‌ಕ್ಲಬ್ ದಾಳಿ, ಝೌ ತನಿಖೆ, ಮಂತ್ರಿಗಿರಿ ಎಲ್ಲವೂ ಲಂಚದ ಕಾಲದೊಳಗೇ ಬರುತ್ತವೆ. ಇನ್ನೊಂದು ಆರೋಪ, ಬೀಜಿಂಗ್ ಪೊಲೀಸ್ ಮುಖ್ಯಸ್ಥರಾಗಿದ್ದಾಗ 2014-15ರಲ್ಲಿ ಸ್ವಂತ ತಮ್ಮನ ಮೇಲಿನ ಗಂಭೀರ ಅಪರಾಧಗಳ ಪ್ರಕರಣವನ್ನು ಮುಚ್ಚಿಹಾಕಿದ್ದು. ಇಷ್ಟು ವರ್ಷ ಆ ಬಿಗಿ ಕಾನೂನು ಎಲ್ಲಿತ್ತು ಸ್ವಾಮಿ? ರಾಜಧಾನಿಯ ಪೊಲೀಸ್ ಮುಖ್ಯಸ್ಥನ ಮೇಲೆ ದೂರು ಕೊಡಬೇಕೆಂದರೆ ಅಲ್ಲಿನ ನಾಗರಿಕ ಯಾವ ಠಾಣೆಗೆ ಹೋಗಬೇಕಿತ್ತು?

ಕೊನೆಗೂ ಕೈಹಾಕಿದ್ದು ಪಕ್ಷ. 2021ರ ಅಕ್ಟೋಬರ್ 2ರಂದು ಕಮ್ಯುನಿಸ್ಟ್ ಪಕ್ಷದ ಶಿಸ್ತು ಆಯೋಗ ತನಿಖೆ ಘೋಷಿಸಿತು. 2022ರ ಮಾರ್ಚ್ 31ರಂದು ಉಚ್ಚಾಟನೆ, ಏಪ್ರಿಲ್‌ನಲ್ಲಿ ಬಂಧನ, ಜುಲೈನಲ್ಲಿ ಚಾಂಗ್‌ಚುನ್ ನಗರದಲ್ಲಿ ವಿಚಾರಣೆ. ಔಪಚಾರಿಕ ಬಂಧನಕ್ಕೆ ಮುಂಚೆ ಆಯೋಗದ ವಶದಲ್ಲಿ ಕಳೆಯುವ ಆ ತಿಂಗಳುಗಳಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಆ ವ್ಯವಸ್ಥೆ ಕಾನೂನಿನ ರೂಪ ಪಡೆದದ್ದು 2018ರಲ್ಲಿ, ಫು ನ್ಯಾಯ ಮಂತ್ರಿಯಾದ ತಿಂಗಳಲ್ಲೇ. ಉಚ್ಚಾಟನೆಯ ಪ್ರಕಟಣೆ ಓದಿದರೆ ಪಕ್ಷದ ಸಿಟ್ಟು ಯಾವುದಕ್ಕೆ ಎಂಬುದು ತಿಳಿಯುತ್ತದೆ. ಪಕ್ಷಕ್ಕೆ ಎಂದೂ ನಿಷ್ಠರಾಗಿರಲಿಲ್ಲ, ರಾಜಕೀಯ ಮಹತ್ವಾಕಾಂಕ್ಷೆ ಮಿತಿಮೀರಿತ್ತು, ಸುನ್ ಲಿಜುನ್ ಗುಂಪಿನಲ್ಲಿದ್ದರು. ಹಣದ ಮಾತು ಬರುವುದು ಇದೆಲ್ಲ ಆದ ಮೇಲೆ.

ಸುನ್ ಕೂಡ ಭದ್ರತಾ ಖಾತೆಯ ಉಪಮಂತ್ರಿ. ಜಿಯಾಂಗ್ಸು ಪ್ರಾಂತ್ಯದ ಹಿರಿಯ ಅಧಿಕಾರಿಯೊಬ್ಬರು ಸೀಗಡಿ-ಮೀನಿನಂಥ ಕಡಲ ಆಹಾರದ ಸಣ್ಣ ಪೆಟ್ಟಿಗೆಯಲ್ಲಿ ಪ್ರತಿ ಸಲ 3 ಲಕ್ಷ ಡಾಲರ್ ತಂದುಕೊಡುತ್ತಿದ್ದುದನ್ನು ಸರ್ಕಾರಿ ಟಿವಿ 2022ರ ಜನವರಿಯಲ್ಲಿ, ಅಂದರೆ ವಿಚಾರಣೆಗೆ ಮೊದಲೇ, ದೇಶಕ್ಕೆಲ್ಲ ತೋರಿಸಿತು. ಕೋರ್ಟಿಗೆ ಉಳಿದದ್ದು ಶಿಕ್ಷೆಯ ಪ್ರಮಾಣ ಓದುವುದಷ್ಟೇ. ಸೆಪ್ಟೆಂಬರ್ 22ರಂದು ಫು, 23ರಂದು ಸುನ್. ಪಕ್ಷದ ಇಪ್ಪತ್ತನೆಯ ಮಹಾಧಿವೇಶನಕ್ಕೆ ಆಗ ಇನ್ನೂ ತಿಂಗಳೂ ಉಳಿದಿರಲಿಲ್ಲ.

ಅಂದ ಹಾಗೆ, ಫು ಅವರನ್ನು ಕೊಂದಿಲ್ಲ. ಅವರಿಗೆ ವಿಧಿಸಿದ್ದು ಎರಡು ವರ್ಷ ತಡೆಹಿಡಿದ ಮರಣದಂಡನೆ. ಆ ಅವಧಿಯಲ್ಲಿ ಮತ್ತೆ ಉದ್ದೇಶಪೂರ್ವಕ ಅಪರಾಧ ಮಾಡದಿದ್ದರೆ ಅದು ಜೀವಾವಧಿಗೆ ಇಳಿಯುತ್ತದೆ. ಫು ವಿಷಯದಲ್ಲಿ ಅದಕ್ಕೆ ಮುಂದೆ ಶಿಕ್ಷೆಯ ಕಡಿತವಾಗಲಿ ಪೆರೋಲಾಗಲಿ ಇಲ್ಲವೆಂದು ಕೋರ್ಟೇ ಹೇಳಿತ್ತು. ಅಲ್ಲಿನ ಅಪರಾಧ ಕಾನೂನಿಗೆ ಮಾಡಿದ 2015ರ ತಿದ್ದುಪಡಿಯಿಂದ ಬಂದ ಶಿಕ್ಷೆ ಅದು.

ಹೆದರಿಕೆಯಾದರೂ ಹುಟ್ಟಿತಲ್ಲ ಎಂದು ನೀವು ಕೇಳಬಹುದು. ಆ ಒಂದೇ ಕುರ್ಚಿಯ ಚರಿತ್ರೆ ಹೇಳುತ್ತೇನೆ. 2005ರಿಂದ 2017ರವರೆಗೆ ನ್ಯಾಯ ಮಂತ್ರಿಯಾಗಿದ್ದ ವು ಐಯಿಂಗ್ ಅವರನ್ನು 2017ರಲ್ಲೇ ಪಕ್ಷದಿಂದ ಹೊರಹಾಕಿದರು. ನಂತರ ಬಂದ ಝಾಂಗ್ ಜುನ್ ಒಬ್ಬರು ಪಾರಾದರು, 2023ರಲ್ಲಿ ಸುಪ್ರೀಂ ಕೋರ್ಟಿನ ಅಧ್ಯಕ್ಷರೂ ಆದರು. ಅವರ ಬಳಿಕ ಫು. ಫು ಜಾಗಕ್ಕೆ 2020ರಲ್ಲಿ ಬಂದ ಟಾಂಗ್ ಯಿಜುನ್ ವಿರುದ್ಧ 2024ರ ಏಪ್ರಿಲ್‌ನಲ್ಲಿ ತನಿಖೆ ಪ್ರಕಟವಾಯಿತು. ಪ್ರಕಟಿಸಿದ್ದು ಪೊಲೀಸರೂ ಅಲ್ಲ, ಕೋರ್ಟೂ ಅಲ್ಲ, ಪಕ್ಷದ ಶಿಸ್ತು ಆಯೋಗವೇ.

– ಸಂಪಾದಕ