ಎಚ್‌ಎಲ್‌7 ಸಂದೇಶದಲ್ಲಿ ಕನ್ನಡ ಹೆಸರು ಅಳಿಸಿಹೋಗುವುದರ ಬಗ್ಗೆ
ನಮಸ್ಕಾರ. ಮಿರ್ತ್ ಕನೆಕ್ಟ್ (ಆಸ್ಪತ್ರೆಯ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ತಂತ್ರಾಂಶ) ಮೂಲಕ ಲ್ಯಾಬ್ ತಂತ್ರಾಂಶಕ್ಕೆ ಹೋಗುವ ಎಚ್‌ಎಲ್‌7 (ಆರೋಗ್ಯ ಮಾಹಿತಿ ವಿನಿಮಯದ ಮಾನದಂಡ) ಸಂದೇಶಗಳಲ್ಲಿ ರೋಗಿಯ ಕನ್ನಡ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದೆ ಎಂದು ಕೇಳಿದ್ದೀರಿ. ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಂಡಿದ್ದರೆ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬೈಟ್‌ಗಳಾಗಿ ಬರೆಯುವ ಎನ್‌ಕೋಡಿಂಗ್, ಅಂದರೆ ಸಂಕೇತ ಪದ್ಧತಿ) ಬೈಟ್‌ಗಳನ್ನು ತಪ್ಪಾಗಿ ಓದಲಾಗಿದೆ ಎನ್ನಬಹುದಿತ್ತು. ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೆಂದರೆ, ಕನ್ನಡವಿಲ್ಲದ ಎನ್‌ಕೋಡಿಂಗ್‌ಗೆ ಬರೆಯುವಾಗಲೇ ಅಕ್ಷರಗಳು ನಷ್ಟವಾಗಿರುವ ಸಾಧ್ಯತೆ ಹೆಚ್ಚು.

ಮಿರ್ತ್ ಡ್ಯಾಶ್‌ಬೋರ್ಡ್‌ನ ರಾ (ಬಂದ ಸಂದೇಶ) ಮತ್ತು ಸೆಂಟ್ (ಕಳಿಸಿದ ಸಂದೇಶ) ಎರಡರಲ್ಲೂ ಪಿಐಡಿ-5 (ರೋಗಿಯ ಹೆಸರಿನ ಜಾಗ) ಸರಿಯಾಗಿ ಕಂಡರೂ ನೆಮ್ಮದಿಪಡಬೇಡಿ, ಏಕೆಂದರೆ ಅಲ್ಲಿ ಕಾಣುವುದು ಬೈಟ್‌ಗಳಾಗುವ ಮೊದಲಿನ ಪಠ್ಯ. ಲ್ಯಾಬ್‌ಗೆ ಸಂದೇಶ ಕಳಿಸುವ ಟಿಸಿಪಿ ಸೆಂಡರ್‌ನಲ್ಲಿ ಎನ್‌ಕೋಡಿಂಗ್ 'ಡೀಫಾಲ್ಟ್' ಎಂದಿದ್ದರೆ ಅದು ಜಾವಾದ ಪೂರ್ವನಿಯೋಜಿತ ಆಯ್ಕೆಯನ್ನು ಅನುಸರಿಸುತ್ತದೆ, ಮತ್ತು ವಿಂಡೋಸ್ ಸರ್ವರ್‌ನಲ್ಲಿ ಜಾವಾ 18ಕ್ಕಿಂತ ಹಳೆಯದಿದ್ದರೆ ಅದು ಸಾಮಾನ್ಯವಾಗಿ ಯುಟಿಎಫ್-8 ಆಗಿರುವುದಿಲ್ಲ. ಸೆಂಡರ್‌ನ ಎನ್‌ಕೋಡಿಂಗ್ ಅನ್ನು ಯುಟಿಎಫ್-8 ಮಾಡಿ, ಎಂಎಸ್‌ಎಚ್-18ರಲ್ಲಿಯೂ (ಸಂದೇಶದ ಎನ್‌ಕೋಡಿಂಗ್ ಹೇಳುವ ಜಾಗ) ಹಾಗೆಂದು ಘೋಷಿಸಿ, ಚಾನೆಲ್ ಅನ್ನು ಮತ್ತೆ ಡಿಪ್ಲಾಯ್ ಮಾಡಿ. ಆಮೇಲೂ ಸರಿಹೋಗದಿದ್ದರೆ ಲ್ಯಾಬ್‌ನವರ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹೆಸರಿನ ಕಾಲಂ ವಾರ್‌ಚಾರ್ ಆಗಿದೆಯೇ ಎಂದು ವಿಚಾರಿಸಿ; ಯುಟಿಎಫ್-8 ಕೊಲೇಶನ್ ಇಲ್ಲದಿದ್ದರೆ ಅದು ಎನ್‌ವಾರ್‌ಚಾರ್ (ಯುನಿಕೋಡ್ ಪಠ್ಯದ ಬಗೆ) ಆಗಿರಬೇಕು. ಹಳೆಯ ಸಂದೇಶಗಳನ್ನು ರೀಪ್ರೊಸೆಸ್ ಮಾಡುವ (ಮತ್ತೆ ಕಳಿಸುವ) ಮುನ್ನ ಅವರಿಗೆ ತಿಳಿಸಿ, ಇಲ್ಲವಾದರೆ ಒಂದೇ ಪರೀಕ್ಷೆಗೆ ಎರಡು ಆರ್ಡರ್ ಹುಟ್ಟಿಕೊಳ್ಳಬಹುದು.