ಹೊಸ ಎಸ್‌ಯುವಿಗೆ ಯಾವ ಆಪ್ಷನ್ ಬೇಕು, ಯಾವುದು ಬೇಡ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲ್ಯಾಂಡ್ ರೋವರ್ ಕಂಪನಿಯ ಡಿಫೆಂಡರ್ 110 ಎಸ್‌ಯುವಿ ಬುಕ್ ಮಾಡುತ್ತಿದ್ದೇವೆ. ವಾರಕ್ಕೊಮ್ಮೆ ಬೆಂಗಳೂರಿಗೆ ಓಡಾಟ, ಮನೆ ಮುಟ್ಟಲು ಕೊನೆಯ ನಾಲ್ಕು ಕಿಲೋಮೀಟರ್ ತೋಟದ ಕಲ್ಲುದಾರಿ. ಮಗನಿಗೆ 22 ಇಂಚಿನ ಚಕ್ರವೇ ಬೇಕಂತೆ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಚೀಲ) ರಿಪೇರಿಗೆ ಬಂದರೆ ಕಷ್ಟ ಅಂತಲೂ ಕೇಳಿದ್ದೇವೆ. ಏನು ಮಾಡೋಣ?
— ಓದುಗರು, ಸಕಲೇಶಪುರ

ಉತ್ತರ: 22 ಇಂಚು ಬೇಡವೇ ಬೇಡ. ಕಾರಣ ಟೈರಿನ ಮೈಮೇಲೇ ಬರೆದಿರುತ್ತದೆ. ಈ ಗಾಡಿಯ 22 ಇಂಚಿನ ರಿಮ್‌ಗೆ ಬರುವ ಟೈರ್ 275/45. ಅಂದರೆ ಅಗಲ 275 ಮಿ.ಮೀ., ಅದರ ಶೇ 45 ಟೈರಿನ ಪಕ್ಕದ ಗೋಡೆಯ ಎತ್ತರ, ಸುಮಾರು 124 ಮಿ.ಮೀ. 20 ಇಂಚಿನ 255/60 ಟೈರಿನಲ್ಲಿ ಇದೇ ಗೋಡೆ 153 ಮಿ.ಮೀ., 19 ಇಂಚಿನ 255/65ರಲ್ಲಿ 166 ಮಿ.ಮೀ. ಚಕ್ರದ ಒಟ್ಟು ಎತ್ತರ ಮೂರರಲ್ಲೂ ಹೆಚ್ಚುಕಡಿಮೆ 81 ಸೆಂ.ಮೀ.ಯೇ. ಹಾಗಾಗಿ ರಿಮ್ ದೊಡ್ಡದಾದಷ್ಟೂ ಕಲ್ಲಿಗೂ ಲೋಹಕ್ಕೂ ನಡುವಿನ ರಬ್ಬರ್ ತೆಳ್ಳಗಾಗುತ್ತದೆ.

ಚಕ್ರ ಗುಂಡಿಗೆ ಬಿದ್ದು ಅಂಚಿಗೆ ಬಡಿದಾಗ ಟೈರಿನ ಗೋಡೆ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ದಾರಗಳು ತುಂಡಾದ ಕಡೆ ಮರುದಿನ ಹೊರಗೆ ನಿಂಬೆಹಣ್ಣಿನಷ್ಟು ಉಬ್ಬು ಕಾಣುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರನ್ನೇ ಬದಲಿಸಬೇಕು. ಸಾಮಾನ್ಯ ವಿಮೆಯಲ್ಲಿ ಗಾಡಿಗೂ ಪೆಟ್ಟಾಗದೆ ಬರೀ ಟೈರ್ ಹಾಳಾದರೆ ದುಡ್ಡು ಬರುವುದಿಲ್ಲ. ಅದಕ್ಕೆ ವಿಮೆಯಲ್ಲೇ ಟೈರ್ ಕವರ್ ಎಂಬ ಹೆಚ್ಚುವರಿ ರಕ್ಷಣೆ ಬೇರೆ ಸೇರಿಸಬೇಕು. 19 ಇಲ್ಲವೇ 20 ಆರಿಸಿ. ಇನ್ನೂ ಸಣ್ಣ ರಿಮ್ ಬೇಕೆನಿಸಿದರೆ ನೀವು ಆರಿಸಿದ ಎಂಜಿನ್‌ನ ಬ್ರೇಕ್ ಅದರೊಳಗೆ ಕೂರುತ್ತದೆಯೇ ಎಂದು ಮೊದಲೇ ಕೇಳಿ. ಮಗನ ಆಸೆಗೆ 20 ಇಂಚಿನ ಕಪ್ಪು ರಿಮ್ ಸಿಕ್ಕರೆ ನೋಡಿ.

ಏರ್ ಸಸ್ಪೆನ್ಷನ್ ವಿಷಯ ಬೇರೆ. ಅದು ನಿಮ್ಮ ಮಾಡೆಲ್‌ನಲ್ಲೇ ಬರುತ್ತದೋ, ಪ್ರತ್ಯೇಕ ಆಪ್ಷನ್ನೋ ಎಂದು ಬೆಲೆಪಟ್ಟಿಯಲ್ಲಿ ನೋಡಿ. ಪ್ರತ್ಯೇಕವಾಗಿದ್ದರೆ ಖಂಡಿತ ತೆಗೆದುಕೊಳ್ಳಿ, ಏಕೆಂದರೆ ಇದನ್ನು ಆಮೇಲೆ ಕೂಡಿಸಲು ಆಗುವುದಿಲ್ಲ. ಕಲ್ಲುದಾರಿಯಲ್ಲಿ ಗಾಡಿಯನ್ನು 75 ಮಿ.ಮೀ. ಮೇಲೆತ್ತುತ್ತದೆ, ಮನೆ ಮುಂದೆ ಹಿರಿಯರು ಹತ್ತಿ ಇಳಿಯುವಾಗ 50 ಮಿ.ಮೀ. ತಗ್ಗಿಸುತ್ತದೆ. ಕೆಡುವುದು ಹೀಗೆ: ವರ್ಷಗಳು ಕಳೆದಂತೆ ರಬ್ಬರಿನ ಗಾಳಿಚೀಲ ಮಡಿಕೆಯಲ್ಲಿ ಬಿರುಕುಬಿಟ್ಟು ಸಣ್ಣಗೆ ಗಾಳಿ ಸೋರುತ್ತದೆ. ಆ ಕೊರತೆ ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಕೊನೆಗೆ ಅದೂ ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಆ ವಾರವೇ ತೋರಿಸಿ. ಒಂದು ಚೀಲಕ್ಕೆ ಮುಗಿಯಬೇಕಾದ ಖರ್ಚು ಕಂಪ್ರೆಸರ್‌ವರೆಗೆ ಬೆಳೆಯುವುದು ಈ ತಡದಿಂದಲೇ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಗಾಡಿಯ ಜೊತೆಗೇ ಕೊಳ್ಳಿ. ವಿಮೆಗೆ ಜೀರೋ ಡೆಪ್ರಿಸಿಯೇಷನ್ ಕೂಡಿಸಿ. ಇಲ್ಲದಿದ್ದರೆ ಅಪಘಾತದ ಕ್ಲೇಮಿನಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮುರಿದುಕೊಳ್ಳುತ್ತಾರೆ.

ಇನ್ನೊಂದು ಮಾತು: ಈ ಗಾಡಿಯ ಸ್ಟೆಪ್ನಿ ಹಿಂಬಾಗಿಲಿನ ಮೇಲಿರುವುದರಿಂದ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಅರ್ಧ ಮುಚ್ಚಿಹೋಗುತ್ತದೆ. ಹಿಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯಲ್ಲೇ ತೋರಿಸುವ ಆಪ್ಷನ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಆಪ್ಷನ್‌ಗಳನ್ನು ಕಂಪನಿಯಿಂದಲೇ ಹಾಕಿಸಿದರೆ ತೆರಿಗೆ ಜಾಸ್ತಿ, ಶೋರೂಮ್‌ನಲ್ಲಿ ಆಕ್ಸೆಸರಿ ಬಿಲ್ ಮಾಡಿಸಿದರೆ ಉಳಿತಾಯ ಎನ್ನುತ್ತಾರೆ. ನಿಜವೇ?
— ಓದುಗರು, ಬೆಂಗಳೂರು

ಉತ್ತರ: ಲೆಕ್ಕ ನಿಜ, ಆದರೆ ಅದು ಅರ್ಧ ಮಾತು. ಕಾರ್ಖಾನೆಯಲ್ಲಿ ಹಾಕಿದ ಆಪ್ಷನ್ ಗಾಡಿಯ ಬೆಲೆಯೊಳಗೇ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ ಶೇ 40. ಅದಕ್ಕೂ ಮೊದಲು ಸೆಸ್ ಸೇರಿ ಶೇ 50ರವರೆಗೆ ಇತ್ತು. ತೆರಿಗೆಗೆ ಮುಂಚೆ 1 ಲಕ್ಷ ಇರುವ ಆಪ್ಷನ್ ಎಕ್ಸ್-ಶೋರೂಮ್‌ನಲ್ಲಿ 1.40 ಲಕ್ಷ ಆಗುತ್ತದೆ. 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಗಾಡಿಗೆ ಕರ್ನಾಟಕದ ಆಜೀವ ತೆರಿಗೆ ಶೇ 18, ಅದರ ಮೇಲಿನ ಸೆಸ್ ಸೇರಿ ಸುಮಾರು ಶೇ 20. ಅದನ್ನು ಕೂಡಿಸಿದರೆ 1.68 ಲಕ್ಷ. ವಿಮೆ ಬೇರೆ. ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಶೇ 1ರ ತೆರಿಗೆ, ಟಿಸಿಎಸ್ ಕೂಡ ಕಟ್ಟಬೇಕು, ಆದರೆ ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಬೆಲೆಪಟ್ಟಿಯಲ್ಲಿ ಕಾಣುವುದು ಸಾಮಾನ್ಯವಾಗಿ ಜಿಎಸ್‌ಟಿ ಸೇರಿದ ಬೆಲೆ. ಅದಕ್ಕೆ ಐದನೇ ಒಂದು ಭಾಗ ಕೂಡಿಸಿ ನೋಡಿದರೆ ನಿಮ್ಮ ಕೈಯಿಂದ ಹೋಗುವ ಮೊತ್ತ ಗೊತ್ತಾಗುತ್ತದೆ.

ಬೇರೆ ಬಿಲ್ಲಿನ ಆಕ್ಸೆಸರಿಗೆ ಆಜೀವ ತೆರಿಗೆ ಇಲ್ಲ. ಆದರೆ ವಿಮೆಯಲ್ಲಿ ಅದನ್ನು ಘೋಷಿಸದಿದ್ದರೆ ಕ್ಲೇಮ್ ಸಿಗುವುದಿಲ್ಲ. ವಿದ್ಯುತ್ ಉಪಕರಣಗಳಿಗೆ ಅವುಗಳ ಬೆಲೆಯ ಶೇ 4 ಹೆಚ್ಚುವರಿ ಪ್ರೀಮಿಯಂ.

ತೆರಿಗೆಗಿಂತ ಮುಖ್ಯವಾದ ಪ್ರಶ್ನೆ, ಆ ವಸ್ತು ಗಾಡಿಯ ವೈರಿಂಗ್ ಮುಟ್ಟುತ್ತದೆಯೇ ಎನ್ನುವುದು. ಮ್ಯಾಟ್, ಮಡ್‌ಫ್ಲ್ಯಾಪ್, ಕ್ಯಾರಿಯರ್, ಫುಟ್‌ಬೋರ್ಡ್ ಇವನ್ನೆಲ್ಲ ನಿಶ್ಚಿಂತೆಯಿಂದ ಆಮೇಲೆ ಹಾಕಿಸಿ. ಹೆಡ್‌ಲೈಟ್, ಸೀಟ್, ಸೌಂಡ್ ಸಿಸ್ಟಂ, 360 ಡಿಗ್ರಿ ಕ್ಯಾಮೆರಾ, ಹಿಂದಿನ ಸೀಟಿನವರ ಎಸಿ ಕಾರ್ಖಾನೆಯಿಂದಲೇ ಬರಲಿ. ಈ ಗಾಡಿಗಳಲ್ಲಿ ಕಂಪ್ಯೂಟರ್‌ಗಳು ಒಂದರೊಡನೊಂದು ಮಾತಾಡುತ್ತಿರುತ್ತವೆ. ನಡುವೆ ವೈರ್ ಕತ್ತರಿಸಿ ಜೋಡಿಸಿದರೆ ಗಾಡಿ ನಿಂತಾಗಲೂ ಕೆಲವು ಕಂಪ್ಯೂಟರ್‌ಗಳು ಮಲಗದೆ ಬ್ಯಾಟರಿ ಖಾಲಿಯಾಗುತ್ತದೆ, ಆ ಭಾಗದ ವಾರಂಟಿಗೂ ತಕರಾರು ಬರುತ್ತದೆ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಲೇಬೇಡಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ ಎಂದು ಹೇಳಿದೆ. ಮುಂದಿನ ಗಾಡಿಯನ್ನು ಗುರುತಿಸಲು ಬಂಪರ್ ಅಥವಾ ಗ್ರಿಲ್ ಹಿಂದೆ ಇರುವ ರೇಡಾರ್‌ಗೂ ಅದು ಅಡ್ಡ.

ಪ್ರಶ್ನೆ: ನಮ್ಮ ಬಜೆಟ್‌ಗೆ ಪನೋರಮಿಕ್ ಸನ್‌ರೂಫ್ ಅಥವಾ ವೆಂಟಿಲೇಟೆಡ್ ಸೀಟ್, ಎರಡರಲ್ಲಿ ಒಂದೇ. ಬಿಳಿ ಲೆದರ್ ಮನೆಯವರಿಗೆ ಇಷ್ಟ.
— ಓದುಗರು, ಕಲಬುರಗಿ

ಉತ್ತರ: ನಿಮ್ಮೂರಿನ ಬಿಸಿಲಿಗೆ ಸೀಟ್, ಎರಡು ಮಾತಿಲ್ಲ. ಸೀಟಿನೊಳಗಿನ ಸಣ್ಣ ಫ್ಯಾನ್‌ಗಳು ಲೆದರ್‌ನ ತೂತುಗಳ ಮೂಲಕ ಗಾಳಿ ಆಡಿಸುತ್ತವೆ. ಆ ಗಾಳಿಯನ್ನು ಅವು ತಣ್ಣಗೆ ಮಾಡುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದ ಕೂಡಲೇ ಕಿಟಕಿ ಇಳಿಸಿ ಬಿಸಿಗಾಳಿ ಹೊರಹಾಕಿ, ಎಸಿ ಹಾಕಿ, ಒಳಗೆ ತಂಪಾಗತೊಡಗಿದ ಮೇಲೆ ಸೀಟಿನ ಫ್ಯಾನ್ ಹಾಕಿದರೆ ಬೆನ್ನು ಬೆವರುವುದು ನಿಲ್ಲುತ್ತದೆ. ಮೇಲೆ ಸೀಟ್ ಕವರ್ ಹೊದಿಸಬೇಡಿ, ತೂತು ಮುಚ್ಚಿಹೋಗುತ್ತದೆ, ಪಕ್ಕದ ಏರ್‌ಬ್ಯಾಗ್ ಬಿಚ್ಚಿಕೊಳ್ಳಲೂ ಅಡ್ಡಿ. ಬಿಳಿ ಲೆದರ್ ಮೇಲೆ ಹೊಸ ಜೀನ್ಸ್‌ನ ನೀಲಿ ಹತ್ತುತ್ತದೆ, ತೂತುಗಳಲ್ಲಿ ಧೂಳು ಕೂತು ಕಪ್ಪು ಚುಕ್ಕೆಗಳಾಗುತ್ತವೆ. ಕಂದು ಬಣ್ಣ ಆರಿಸಿದರೆ ಎರಡೂ ಎದ್ದು ಕಾಣುವುದಿಲ್ಲ. ಶುಚಿ ಮಾಡುವಾಗ ಮೊದಲು ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ದ್ರಾವಣವನ್ನು ನೇರವಾಗಿ ಸೀಟಿಗೆ ಸಿಂಪಡಿಸಬಾರದು.

ಉಳಿದವರಿಗೆ ಸನ್‌ರೂಫ್ ಬಗ್ಗೆ ಒಂದು ಮಾತು. ಗಾಜಿನ ಸುತ್ತಲಿನ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಒಳಬಂದ ನೀರು ಚೌಕಟ್ಟಿನ ಕಾಲುವೆಗೆ ಇಳಿದು, ಮೂಲೆಗಳಲ್ಲಿರುವ ತೂತಿನಿಂದ ಕೊಳವೆಯೊಳಗೆ ಹರಿದು ಹೊರಹೋಗುತ್ತದೆ. ಮರದಡಿ ನಿಲ್ಲಿಸುವ ಗಾಡಿಯಲ್ಲಿ ಎಲೆ, ಹೂವಿನ ಪುಡಿ ಅಲ್ಲಿ ಕಟ್ಟಿಕೊಂಡರೆ ನೀರು ಚಾವಣಿಯ ಬಟ್ಟೆಗೆ, ಕಂಬದೊಳಗಿಂದ ಕಾರ್ಪೆಟ್ ಕೆಳಗಿನ ವೈರಿಂಗ್‌ಗೆ ಇಳಿಯುತ್ತದೆ. ಮುಂಗಾರಿಗೆ ಮುಂಚೆ ಗಾಜು ತೆರೆದು ಮುಂದಿನ ಎರಡೂ ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡಿ. ಗಾಡಿಯ ಕೆಳಗೆ ನೀರು ತೊಟ್ಟಿಕ್ಕಿದರೆ ಸರಿ. ತೊಟ್ಟಿಕ್ಕದಿದ್ದರೆ ಜೋರು ಗಾಳಿ ಹೊಡೆಸಬೇಡಿ, ಕೊಳವೆ ಒಳಗೇ ಕಳಚಿಕೊಳ್ಳಬಹುದು. ಸರ್ವಿಸ್‌ಗೆ ಒಯ್ಯಿರಿ.

ಪ್ರಶ್ನೆ: ವಿಂಡ್‌ಶೀಲ್ಡ್ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ತಂಪು ಕನ್ನಡಕ ಪೋಲರೈಸ್ಡ್ (ಪ್ರತಿಫಲಿಸುವ ಬೆಳಕನ್ನು ತಡೆಯುವಂಥದ್ದು) ಆಗಿದ್ದರೆ ಅಂಕಿಗಳು ಮಸುಕಾಗುತ್ತವೆ ಅಥವಾ ಕಾಣುವುದೇ ಇಲ್ಲ. ಟೆಸ್ಟ್ ಡ್ರೈವ್‌ಗೆ ಅದನ್ನೇ ಹಾಕಿಕೊಂಡು ಹೋಗಿ ನೋಡಿ. ಇದರ ಗಾಜೂ ಬೇರೆಯದು, ಒಡೆದರೆ ಸಾದಾ ಗಾಜಿಗಿಂತ ದುಬಾರಿ.

ಪ್ರಶ್ನೆ: ಏಳು ಸೀಟು ತೆಗೆದುಕೊಂಡರೆ ಸ್ಟೆಪ್ನಿ ಇರುವುದಿಲ್ಲ ಅಂದರು. ಹಾಗೂ ಉಂಟೇ?
— ಓದುಗರು, ಮಂಗಳೂರು

ಉತ್ತರ: ಉಂಟು. ಟೈರ್ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಗಿದೆ. ಮೊಳೆಯ ತೂತಿಗೆ ಕಿಟ್ ಸಾಕು, ಪಕ್ಕದ ಗೋಡೆ ಹರಿದರೆ ಅದರಿಂದ ಏನೂ ಆಗದು. ರನ್-ಫ್ಲಾಟ್ ಟೈರ್ ಗಾಳಿಯಿಲ್ಲದೆ ಸಾಮಾನ್ಯವಾಗಿ 80 ಕಿ.ಮೀ.ವರೆಗೆ, ಗಂಟೆಗೆ 80 ಮೀರದಂತೆ ಓಡುತ್ತದೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಓಡಾಡುವವರಿಗೆ ಕೊನೆಯ ಸಾಲಿನ ಎರಡು ಸೀಟಿಗಿಂತ ಸ್ಟೆಪ್ನಿ ಮೇಲು. ಆ ಸೀಟುಗಳಲ್ಲಿ ದಿನವೂ ಕೂರುವವರು ಇದ್ದಾರೆಯೇ ಎಂದು ಮನೆಯಲ್ಲಿ ಕೇಳಿ ನೋಡಿ.

ಪ್ರಶ್ನೆ: ಆರ್ಡರ್ ಕೊಟ್ಟ ಮೇಲೆ ಆಪ್ಷನ್ ಬದಲಿಸಬಹುದೇ?
— ಓದುಗರು, ಬೆಳಗಾವಿ

ಉತ್ತರ: ಗಾಡಿ ಎಲ್ಲಿ ತಯಾರಾಗುತ್ತದೆ ಎನ್ನುವುದರ ಮೇಲೆ ಹೋಗುತ್ತದೆ. ಪುಣೆ ಬಳಿಯ ಚಾಕಣ್, ಚೆನ್ನೈ, ನಮ್ಮ ಹೊಸಕೋಟೆಯಲ್ಲಿ ಜೋಡಣೆಯಾಗುವ ಮಾಡೆಲ್‌ಗಳಲ್ಲಿ ಆಪ್ಷನ್‌ಗಳು ಬಹುಪಾಲು ಮೊದಲೇ ಗೊತ್ತಾಗಿರುತ್ತವೆ, ಆಯ್ಕೆ ಹೆಚ್ಚಾಗಿ ಬಣ್ಣ, ಲೆದರ್‌ಗೆ ಸೀಮಿತ. ಸ್ಲೊವಾಕಿಯಾದ ನಿತ್ರಾದಿಂದ ಬರುವ ಡಿಫೆಂಡರ್‌ನಂಥ ಆಮದು ಗಾಡಿಗೆ ಒಂದು ದಿನಾಂಕದ ನಂತರ ಆರ್ಡರ್ ಲಾಕ್ ಆಗುತ್ತದೆ. ಆ ದಿನಾಂಕವನ್ನೂ ಪ್ರತಿ ಆಪ್ಷನ್‌ನ ಕೋಡ್ ಮತ್ತು ಬೆಲೆಯನ್ನೂ ಬರಹದಲ್ಲಿ ಪಡೆಯಿರಿ, ಸೇಲ್ಸ್‌ನವರ ವಾಟ್ಸ್ಆ್ಯಪ್ ಮಾತು ಸಾಲದು.

ಗಾಡಿ ಬಂದ ಮೇಲೆ ನೋಂದಣಿಗೆ ಮುಂಚೆಯೇ ಯಾರ್ಡ್‌ಗೆ ಹೋಗಿ, ಚಾಸಿ ನಂಬರ್ ತಾಳೆ ನೋಡಿ, ಆ ಪಟ್ಟಿ ಹಿಡಿದು ಒಂದೊಂದನ್ನೂ ಆನ್ ಮಾಡಿಸಿ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ: 3525 ಎಂದರೆ 2025ರ 35ನೇ ವಾರದ ಟೈರ್. ಒಂದು ಆಪ್ಷನ್ ತಪ್ಪಿದ್ದರೂ ಅಲ್ಲಿಗೇ ನಿಲ್ಲಿಸಿ. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಗಾಡಿ ಬದಲಿಸಿಕೊಡಿ ಎಂದು ಕೇಳುವುದು ಬಹಳ ಕಷ್ಟ.